ಕಿವಿಯಕ್ಕ ಮತ್ತು ಗುಡ್ಡದ ತೊಟ್ಟಿ

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಆಕೆಯ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಮೇಲಿನ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಕಿವಿಯಕ್ಕ. ಆಕೆಯ ಕೆಲಸವೇ ಕೇಳುವುದು. ರಸ್ತೆಯಡಿ ಹೂತ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಮೇಲಿನಿಂದಲೇ ಕಿವಿಗೊಟ್ಟು ಹೇಳಬೇಕು. ಅದಕ್ಕಿದ್ದ ಸಲಕರಣೆ ಎದೆಯೆತ್ತರದ ಒಂದು ಕಬ್ಬಿಣದ ಸಲಾಕೆ, ಅದರ ಮೇಲ್ತುದಿಗೆ ಒಂದು ಮರದ ಬಿಲ್ಲೆ. ಅಷ್ಟೇ. ಸಲಾಕೆಯನ್ನು ವಾಲ್ವಿನ ಮೇಲೆ ಊರಿ, ಬಿಲ್ಲೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಗೆಯೇ. ಆಮೇಲೆ ಚಪ್ಪಲಿಯ ತುದಿಯಿಂದ ನೆಲದ ಮೇಲೆ ಒಂದು ಗೀಟು ಎಳೆದು, "ಇಲ್ಲಿ ಅಗೀರಿ" ಎನ್ನುತ್ತಿದ್ದಳು. ಅಗೆದವರಿಗೆ ಸೋರಿಕೆ ಸಿಗುತ್ತಿತ್ತು. ಒಂದು ಮೊಳ ಆಚೀಚೆ ಆದರೆ ಅವತ್ತಿಡೀ ಆಕೆ ಮುಖ ಸಣ್ಣದು ಮಾಡಿಕೊಂಡಿರುತ್ತಿದ್ದಳು.

"ಅದು ಹೇಗೆ ಗೊತ್ತಾಗುತ್ತಮ್ಮಾ ನಿಂಗೆ?" ಎಂದು ನಾನೊಮ್ಮೆ ಕೇಳಿದ್ದೆ.

"ನಲ್ಲೀಲಿ ಹೋಗೋ ನೀರು ಮಾತಾಡುತ್ತೆ ಅಣ್ಣ. ಸೋರೋ ನೀರು ಪಿಸುಗುಡುತ್ತೆ. ಕದ್ದು ಹೋಗೋರು ಜೋರಾಗಿ ಮಾತಾಡ್ತಾರಾ?"

ನಾನು ಅದೇ ಕಚೇರಿಯ ನಕ್ಷೆಗಳ ಕೋಣೆ ನೋಡಿಕೊಳ್ಳುತ್ತಿದ್ದವನು. ಆಕೆಗಿಂತ ಒಂದು ವರ್ಷ ದೊಡ್ಡವನು. ಆಕೆ ಕೆಲಸಕ್ಕೆ ಬಂದಾಗ ಇಪ್ಪತ್ತೆರಡು ತುಂಬಿತ್ತು. ಅಪ್ಪ ಇದೇ ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ಸಿಕ್ಕ ನೌಕರಿ. ಆಗ ಹದಿನಾಲ್ಕು ಜನ ಕೇಳುವವರಿದ್ದರು, ಹದಿಮೂರು ಗಂಡಸರು. ಹೆಣ್ಣು ಹುಡುಗಿ ರಸ್ತೆಯಲ್ಲಿ ಸಲಾಕೆ ಹಿಡಿದು ನಿಲ್ಲುವುದೇ ಅವರಿಗೊಂದು ತಮಾಷೆಯಾಗಿತ್ತು. ಆರು ತಿಂಗಳಲ್ಲಿ ನಗು ನಿಂತಿತು. ವರ್ಷ ತುಂಬುವಷ್ಟರಲ್ಲಿ, ತಮಗೆ ಅನುಮಾನ ಬಂದ ಕಡೆ ಅವರೇ ಆಕೆಯನ್ನು ಕರೆಯತೊಡಗಿದರು.

ನಾನು ಹೇಳಹೊರಟ ಬೇಸಗೆಯ ಹೊತ್ತಿಗೆ ಹದಿನಾಲ್ಕರಲ್ಲಿ ಉಳಿದದ್ದು ಆಕೆ ಒಬ್ಬಳೇ. ದೇಶ ಸಾಲದಲ್ಲಿ ಮುಳುಗಿತ್ತು. ಹಳೆಯ ಸಾಲದ ಬಡ್ಡಿಗೆ ಹೊಸ ಸಾಲ ತರುವ ಸ್ಥಿತಿ. ಸಾಲ ಕೊಟ್ಟವರು ಷರತ್ತಿನ ಮೇಲೆ ಷರತ್ತು ಹಾಕಿದ್ದರು. ನಿವೃತ್ತರಾದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಆಜ್ಞೆಯಾಗಿತ್ತು. ಕಚೇರಿಯ ಜೀಪಿಗೆ ಡೀಸೆಲ್ ಇರಲಿಲ್ಲ. ಕಾಗದದ ಎರಡೂ ಮಗ್ಗುಲು ಬರೆಯಬೇಕಿತ್ತು. ಮಧ್ಯಾಹ್ನದ ಟೀ ಕೂಡ ನಿಂತು, ನಾವೆಲ್ಲ ಮನೆಯಿಂದ ಫ್ಲಾಸ್ಕ್ ತರುತ್ತಿದ್ದೆವು. ಆಗ ಹುಟ್ಟಿದ ಮಗುವೊಂದರ ತಲೆಯ ಮೇಲೆ ದೇಶದ ಸಾಲ ಎಷ್ಟು ಬೀಳುತ್ತದೆ ಎಂದು ಪತ್ರಿಕೆಗಳು ದಿನವೂ ಲೆಕ್ಕ ಹಾಕಿ ಬರೆಯುತ್ತಿದ್ದವು.

ಕಿವಿಯಕ್ಕನಿಗೆ ಒಬ್ಬಳೇ ಮಗಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗಳು ಸಿವಿಲ್ ಎಂಜಿನಿಯರಿಂಗ್ ಓದಿ, ಪರೀಕ್ಷೆ ಬರೆದು, ನಮ್ಮದೇ ಇಲಾಖೆಗೆ ಆಯ್ಕೆಯಾಗಿದ್ದಳು. ನೇಮಕದ ಪತ್ರವೂ ಮನೆಗೆ ಬಂದಿತ್ತು. ಕಿವಿಯಕ್ಕ ಅದನ್ನು ಲಕೋಟೆ ಸಮೇತ ಕಚೇರಿಗೆ ತಂದು ಎಲ್ಲರಿಗೂ ತೋರಿಸಿದ್ದಳು. ಹನ್ನೆರಡು ದಿನಕ್ಕೆ ಇನ್ನೊಂದು ಪತ್ರ ಬಂತು, ಮೊದಲನೆಯದು ರದ್ದಾಗಿದೆ ಎಂದು. ಅದೇ ತಿಂಗಳು ಸರ್ಕಾರ ನಿವೃತ್ತಿಯ ವಯಸ್ಸನ್ನು ಅರವತ್ತರಿಂದ ಅರವತ್ತೈದಕ್ಕೆ ಏರಿಸಿತು. ಪಿಂಚಣಿಯನ್ನು ಐದು ವರ್ಷ ಮುಂದಕ್ಕೆ ತಳ್ಳುವ ಉಪಾಯ. ಒಂದೇ ಮನೆಯಲ್ಲಿ ಐವತ್ತೆಂಟರ ತಾಯಿಗೆ ಇನ್ನೂ ಏಳು ವರ್ಷದ ನೌಕರಿ, ಇಪ್ಪತ್ತಾರರ ಮಗಳಿಗೆ ಬಾಗಿಲು ಬಂದ್.

ಊರಿನ ಹುಡುಗ ಹುಡುಗಿಯರು ಬೀದಿಗಿಳಿದರು. ಮಗಳೂ ಹೋದಳು. ಅವಳು ರಟ್ಟಿನ ಮೇಲೆ ಬರೆದುಕೊಂಡು ಹೋದದ್ದು ನಮ್ಮ ಕಚೇರಿಯ ಮುಂದೆಯೇ ಎರಡು ಸಲ ಹಾದುಹೋಯಿತು: ಉಂಡವರು ನೀವು, ಬಿಲ್ಲು ನಮಗೆ. ಕಿಟಕಿಯಲ್ಲಿ ನಿಂತಿದ್ದ ಕಿವಿಯಕ್ಕ ಅದನ್ನು ಓದಿ ತನ್ನ ಜಾಗಕ್ಕೆ ಬಂದು ಕೂತಳು.

ಅವತ್ತು ಮನೆಯಲ್ಲಿ ನಡೆದದ್ದನ್ನು ಆಕೆಯೇ ನನಗೆ ಹೇಳಿದಳು. ಊಟಕ್ಕೆ ಬಡಿಸುತ್ತಾ, "ಆ ಬೋರ್ಡು ನನಗೇನಾ?" ಎಂದು ಕೇಳಿದಳಂತೆ.

"ನಿನಗೊಬ್ಬಳಿಗೇ ಅಲ್ಲ. ನಿನ್ನ ವಯಸ್ಸಿನೋರಿಗೆಲ್ಲ."

"ನಾನೇನು ಸಾಲ ಮಾಡಿದೀನೇ? ಒಂದು ದಿನ ರಜಾ ಹಾಕದೆ ದುಡಿದಿದೀನಿ."

"ದುಡಿದಿದೀಯ ಅಮ್ಮ, ಇಲ್ಲ ಅಂದೆನಾ? ಆದ್ರೆ ನೀನು ಎದ್ದರೆ ತಾನೆ ನಾನು ಕೂರೋದು? ನೀವು ಏಳಲ್ಲ. ಏಳೋ ಹೊತ್ತಿಗೆ ಕುರ್ಚಿ ಮುರಿದಿರುತ್ತೆ."

ಅದಾದ ಮೇಲೆ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ.

ಹೀಗಿರುವಾಗ ಗುಡ್ಡದ ತೊಟ್ಟಿಯ ನೀರು ಇಳಿಯತೊಡಗಿತು.

ಊರಿಗೆಲ್ಲ ನೀರು ಹೋಗುವುದು ಆ ತೊಟ್ಟಿಯಿಂದ. ಹೊರಗಿನಿಂದ ನೋಡಿದರೆ ಅದು ತೊಟ್ಟಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹುಲ್ಲು ಬೆಳೆದ ಚಪ್ಪಟೆ ಗುಡ್ಡ, ಅಲ್ಲಲ್ಲಿ ಗಾಳಿ ಹೋಗುವ ಕೊಳವೆಗಳು, ಒಂದು ಕಬ್ಬಿಣದ ಮುಚ್ಚಳ. ತೊಟ್ಟಿ ಇರುವುದು ಒಳಗೆ. ನಡುವೆ ಗೋಡೆ ಹಾಕಿ ಎರಡು ಭಾಗ ಮಾಡಿದ್ದರು. ಪೂರ್ವದ ಭಾಗದ ವಾಲ್ವುಗಳನ್ನೆಲ್ಲ ಮುಚ್ಚಿದರೂ ದಿನಕ್ಕೆ ನಾಲ್ಕು ಬೆರಳು ನೀರು ಕಡಿಮೆಯಾಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದು, ಗುಡ್ಡದ ಸುತ್ತ ಎಲ್ಲೂ ತೇವವಿಲ್ಲ. ಹೊರಗಿನ ಒಂದು ಕಂಪನಿ ಯಂತ್ರ ತಂದು ಹುಡುಕುತ್ತೇನೆಂದಿತು. ಅದು ಕೇಳಿದ ಹಣ ನಮ್ಮ ಕಚೇರಿಯ ಎಲ್ಲರ ಎರಡು ವರ್ಷದ ಸಂಬಳದಷ್ಟು, ಅದೂ ಮುಂಗಡ. ಇಲ್ಲವಾದರೆ ಆ ಭಾಗವನ್ನು ಮುಚ್ಚಿ, ತಗ್ಗಿನ ಬಡಾವಣೆಗಳಿಗೆಲ್ಲ ದಿನ ಬಿಟ್ಟು ದಿನ ನೀರು ಬಿಡಬೇಕು. ನಮ್ಮ ಸಾಹೇಬರು ಒಳ್ಳೆಯವರು. ಆದರೆ ಒಳ್ಳೆಯತನದಿಂದ ಮಂಜೂರಾತಿ ಸಿಗುವುದಿಲ್ಲ. ತಲೆ ಮೇಲೆ ಕೈ ಹೊತ್ತು ಕೂತು, ಕೊನೆಗೆ, "ಕಿವಿಯಕ್ಕ, ಒಂದ್ಸಲ ನೀವು ಕೇಳಿ ನೋಡಿ" ಎಂದರು.

ಪೂರ್ವದ ಭಾಗದ ನೀರನ್ನು ಊರಿಗೆ ಬಿಟ್ಟು, ಮೊಣಕಾಲಿನಷ್ಟು ಉಳಿಸಿದೆವು. ಜೀಪು ಇಲ್ಲದ್ದರಿಂದ ಮಗಳು ತಾಯಿಯನ್ನು ಸ್ಕೂಟರಿನಲ್ಲಿ ಗುಡ್ಡದ ಮೇಲೆ ತಂದುಬಿಟ್ಟಳು. ನಾನು ಮುಚ್ಚಳದ ಹತ್ತಿರ ನಕ್ಷೆಯ ಸುರುಳಿ ಹಿಡಿದು ನಿಂತಿದ್ದೆ. ಮಗಳು ಸ್ಕೂಟರ್ ತಿರುಗಿಸುತ್ತಿದ್ದವಳು, ನೀರಿನ ಮಟ್ಟ ಬರೆದ ಹಲಗೆಯನ್ನು ನೋಡಿ ನಿಂತಳು.

"ಮಾಮ, ನೀರು ಇಳಿದ ಹಾಗೆ ಸೋರೋದು ಕಡಿಮೆ ಆಗಿದೆ, ಆದ್ರೆ ನಿಂತಿಲ್ಲ. ಅಂದ್ರೆ ತೂತು ತಳದ ಹತ್ತಿರ ಎಲ್ಲೋ ಇದೆ."

ಅಷ್ಟು ದೊಡ್ಡ ಕಚೇರಿಯಲ್ಲಿ ಆ ಅಂಕಿಗಳನ್ನು ಹಾಗೆ ಓದಿದವರು ಯಾರೂ ಇರಲಿಲ್ಲ. ಕಿವಿಯಕ್ಕ ಮಗಳ ಕಡೆ ನೋಡಿದಳು. ಆಮೇಲೆ ಸಲಾಕೆಯನ್ನು ಅವಳ ಕೈಗೆ ಕೊಟ್ಟಳು.

"ನೀನು ಇಳಿ."

"ನಾನಾ? ಯಾಕೆ?"

"ನಂಗೆ ಕೇಳಿಸಲ್ಲ ಕಣೆ."

ಬಲಗಿವಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಎಡಗಿವಿ ಅರ್ಧ. ಇಷ್ಟು ದಿನ ಅಂದಾಜಿನ ಮೇಲೆ, ಅಂಗೈಯಿಂದ ಕೊಳವೆಯ ನಡುಕ ಮುಟ್ಟಿ ನೋಡಿ, ಯಾವ ಬೀದಿಯ ಯಾವ ಜೋಡಣೆ ಹಳೆಯದು ಎಂಬ ನೆನಪಿನ ಬಲದಿಂದ ಕೆಲಸ ಸಾಗಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಎರಡು ಕಡೆ ಸುಮ್ಮನೆ ರಸ್ತೆ ಅಗೆಸಿದ್ದು ನನಗೆ ಆಗ ನೆನಪಾಯಿತು.

ಮಗಳ ಮುಖ ಕೆಂಪಾಯಿತು. "ಕೇಳಿಸದ ಕಿವಿ ಇಟ್ಕೊಂಡು ಆ ಕುರ್ಚೀಲಿ ಕೂತಿದೀಯ? ನಾನು ಬೀದೀಲಿ ಬೊಬ್ಬೆ ಹೊಡೀತಿರೋವಾಗ?"

"ಹೌದು," ಎಂದಳು ತಾಯಿ. "ನಿನ್ನ ಫೀಸು ಕಟ್ಟಿ ಮುಗಿದಿರಲಿಲ್ಲ. ಆಮೇಲೆ ಹೇಳೋಣ ಅನ್ಕೊಂಡೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ಮಗಳು ಬಗ್ಗಿ, ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟಿನಲ್ಲಿ ಬೂಟು ತೊಳೆದುಕೊಂಡಳು. ಇಲಾಖೆಯವಳಲ್ಲದವಳನ್ನು ಒಳಗೆ ಬಿಡುವಂತಿಲ್ಲ. ಸಾಹೇಬರು ಅಲ್ಲೇ ಇದ್ದರು. "ನಾನು ಆ ಕಡೆ ತಿರುಗಿರ್ತೀನಿ" ಎಂದು ನಿಜವಾಗಿಯೂ ಊರಿನ ಕಡೆ ಮುಖ ಮಾಡಿ ನಿಂತರು.

ಏಣಿಯಲ್ಲಿ ಮೊದಲು ಮಗಳು, ಹಿಂದೆ ತಾಯಿ, ಕೊನೆಗೆ ನಾನು. ಮೂವತ್ತಾರು ವರ್ಷ ಆ ತೊಟ್ಟಿಯ ಹೆಸರನ್ನು ದಿನವೂ ಬರೆದವನು ನಾನು. ಒಳಗೆ ಇಳಿದದ್ದು ಅದೇ ಮೊದಲು. ಕಾಲು ನೀರಿಗೆ ತಾಗಿದಾಗ ಮೂಳೆಯವರೆಗೆ ತಣ್ಣಗಾಯಿತು. ಟಾರ್ಚ್ ಎತ್ತಿ ಹಿಡಿದೆ.

ಕಂಬಗಳು. ಬೆಳಕು ಹೋದಷ್ಟು ದೂರವೂ ಇಟ್ಟಿಗೆಯ ಕಂಬಗಳು, ಬೆಳಕು ಸೋತ ಮೇಲೂ ಕತ್ತಲಲ್ಲಿ ನಿಂತ ಕಂಬಗಳು. ಒಂದೊಂದರ ತಲೆಯಿಂದಲೂ ನಾಲ್ಕು ಕಡೆಗೆ ಕಮಾನು ಹೊರಟು ಪಕ್ಕದ ಕಂಬವನ್ನು ಹಿಡಿದುಕೊಂಡಿತ್ತು. ನಾವು ಅಲುಗಾಡದೆ ನಿಂತಾಗ ನೀರು ಕನ್ನಡಿಯಾಯಿತು. ಆಗ ಕಂಬಗಳು ಕೆಳಗೂ ಅಷ್ಟೇ ಆಳಕ್ಕೆ ಇಳಿದು, ನಾವು ಮೂವರೂ ಯಾವುದೋ ಎತ್ತರದ ನಡುವೆ ತೇಲುತ್ತಿರುವಂತೆ ಕಂಡಿತು. ನನ್ನ ಕೈ ತಾನಾಗಿ ಪಕ್ಕದ ಕಂಬವನ್ನು ಹಿಡಿಯಿತು. ಇಟ್ಟಿಗೆಗಳ ನಡುವಿನ ಗಾರೆ ಎಷ್ಟು ತೆಳುವಾಗಿತ್ತೆಂದರೆ ಉಗುರು ಕೂಡ ಒಳಗೆ ಹೋಗಲಿಲ್ಲ. ಯಾರೂ ನೋಡಲಾರದ ಕಡೆ, ನೀರು ತುಂಬಿದ ಮೇಲೆ ಎಂದೂ ಕಾಣದ ಕಡೆ, ಯಾರೋ ಆ ಗಾರೆಯನ್ನು ಒರೆಸಿ ನಯ ಮಾಡಿದ್ದರು. ಒಂದು ಇಟ್ಟಿಗೆಯ ಮೇಲೆ ನಾಲ್ಕು ಬೆರಳಿನ ಗುರುತಿತ್ತು, ಹಸಿ ಇಟ್ಟಿಗೆಯನ್ನು ಎತ್ತಿಟ್ಟವರದು. ಸಣ್ಣ ಬೆರಳುಗಳು, ಹೆಂಗಸಿನದಿರಬೇಕು. ಮಗಳು ತನ್ನ ಬೆರಳುಗಳನ್ನು ಅದರ ಮೇಲಿಟ್ಟು ನೋಡಿದಳು. ಸರಿಯಾಗಿ ಕೂತವು.

"ನೂರ ಅರವತ್ತೆಂಟು" ಎಂದಳು ಪಿಸುಮಾತಿನಲ್ಲಿ. ಆ ಪಿಸುಮಾತು ಕಮಾನಿನಿಂದ ಕಮಾನಿಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ನಮ್ಮ ಬೆನ್ನ ಹಿಂದಿನಿಂದ ವಾಪಸು ಬಂತು. ಹನ್ನೆರಡು ಸಾಲು, ಸಾಲಿಗೆ ಹದಿನಾಲ್ಕು. ಸಿಟ್ಟಿನಲ್ಲೂ ಎಣಿಸಿಬಿಟ್ಟಿದ್ದಳು.

ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು ಕಲಿಸಿದಳು. "ಸಲಾಕೆ ಗಟ್ಟಿ ಹಿಡೀಬೇಡ, ಇಲ್ದಿದ್ರೆ ನಿನ್ನ ನಾಡಿನೇ ಕೇಳುತ್ತೆ. ಬಾಯಿ ಸ್ವಲ್ಪ ತೆಗಿ. ಉಸಿರು ಬಿಟ್ಟಾದ ಮೇಲೆ ಕೇಳು, ಎಳೆಯೋವಾಗ ಅಲ್ಲ." ಗೋಡೆಯುದ್ದಕ್ಕೂ ಐದೈದು ಹೆಜ್ಜೆಗೊಮ್ಮೆ ನಿಂತು ಕೇಳುತ್ತ ಹೋದೆವು. ಪ್ರತಿಸಲವೂ ನೀರು ಶಾಂತವಾಗುವ ತನಕ ಕಾಯಬೇಕು. ಎರಡು ಗಂಟೆ ಕಳೆಯಿತು. ನನ್ನ ಕಾಲುಗಳು ಯಾರದೋ ಕಾಲುಗಳಾಗಿದ್ದವು. ಈಶಾನ್ಯದ ಮೂಲೆಗೆ ಹತ್ತಿರ ಮಗಳು ಕಣ್ಣು ತೆರೆದು ತಾಯಿಯನ್ನು ನೋಡಿದಳು.

"ಇಲ್ಲಿ ಯಾರೋ 'ಶ್' ಅಂತಿದಾರೆ."

ತಾಯಿ ಅಂಗೈಯನ್ನು ಗೋಡೆಗೆ ಒತ್ತಿದಳು. ಆಮೇಲೆ ಬ್ರಷ್ ತೆಗೆದು ಉಜ್ಜತೊಡಗಿದಳು. ವರ್ಷಗಳ ಕೆಸರಿನ ಪದರ ಕಳಚಿದಾಗ ಕೆಳಗೆ ಇಟ್ಟಿಗೆ ಇರಲಿಲ್ಲ, ಕಬ್ಬಿಣ ಇತ್ತು. ತೋಳು ಚಾಚಿದಷ್ಟು ಅಗಲದ ಒಂದು ದುಂಡು ಮುಚ್ಚಳ, ಅದರ ಸುತ್ತ ಹದಿನಾರು ಬೋಲ್ಟುಗಳು. ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಅಂಥದ್ದೇನೂ ಇರಲಿಲ್ಲ.

ಕಚೇರಿಗೆ ಓಡಿದೆ. ಅಟ್ಟದ ಮೇಲೆ, ಹಿಂದಿನವರು ನನಗೆ ಒಪ್ಪಿಸಿಹೋದ ಒಂದು ತಗಡಿನ ಕೊಳವೆ ಇತ್ತು. ತುಕ್ಕು ಹಿಡಿದ ಮುಚ್ಚಳವನ್ನು ಒಂದು ದಿನವೂ ತೆಗೆದಿರಲಿಲ್ಲ. ಈಗ ತೆಗೆದೆ. ಒಳಗೆ ಬಟ್ಟೆಯ ಮೇಲೆ ಬರೆದ ಮೂಲ ನಕ್ಷೆ. ಈಶಾನ್ಯದ ಮೂಲೆಯಲ್ಲಿ ಒಂದು ದೊಡ್ಡ ಕೊಳವೆ ಗೋಡೆ ದಾಟಿ ಹೋಗಿ, ಎಲ್ಲಿಗೂ ಸೇರದೆ, ಜಲ್ಲಿಕಲ್ಲಿನಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಅಂದವಾದ ಅಕ್ಷರಗಳಲ್ಲಿ ಬರೆದಿತ್ತು: ಮುಂದೆ ಬರುವವರಿಗೆ ಎರಡನೆಯ ಕೊಳವೆ ಬೇಕಾದಾಗ. ಕೆಳಗೆ ಊರಿನ ಜನಸಂಖ್ಯೆಯ ಲೆಕ್ಕ. ಕಟ್ಟಿದ ದಿನದ್ದಲ್ಲ, ಎಪ್ಪತ್ತು ವರ್ಷದ ಮುಂದಿನದು. ಆಗ ಊರಿನಲ್ಲಿ ಇದ್ದದ್ದು ಅದರ ಹತ್ತರಲ್ಲೊಂದು ಭಾಗ ಜನ. ಆ ಲೆಕ್ಕದಲ್ಲಿ ನಾನಿದ್ದೆ. ಇನ್ನೂ ಹುಟ್ಟದ ನನಗೊಂದು ಕೊಡ ನೀರನ್ನು ಯಾರೋ ಆ ಬಟ್ಟೆಯ ಮೇಲೆ ಬರೆದಿಟ್ಟಿದ್ದರು.

ಗುಡ್ಡದ ಮೇಲೆ ನಕ್ಷೆ ಹರಡಿದಾಗ ಸಾಹೇಬರೂ ಈ ಕಡೆ ತಿರುಗಿದರು. ಆಮೇಲೆ ಕಿವಿಯಕ್ಕ ಹೇಳಿದಳು:

"ಇದನ್ನ ಕಟ್ಟಿದ್ದೂ ಸಾಲದಲ್ಲೇ. ನಲವತ್ತು ವರ್ಷದ ಸಾಲ. ನಾನು ಚಿಕ್ಕವಳಿದ್ದಾಗ ನೀರಿನ ಬಿಲ್ಲಲ್ಲಿ 'ತೊಟ್ಟಿ ಕರ' ಅಂತ ಒಂದು ಸಾಲು ಬರ್ತಿತ್ತು. ಒಂದ್ಸಲ ಅದಿರಲಿಲ್ಲ. ಅಪ್ಪ ಆ ಬಿಲ್ಲು ಹಿಡ್ಕೊಂಡು ಮನೆಯೆಲ್ಲ ಓಡಾಡಿದ್ರು, ತೀರ್ತು, ತೀರ್ತು ಅಂತ. ತೊಟ್ಟಿ ಕಟ್ಟಿದೋರು ಯಾರೂ ಆಗ ಬದುಕಿರಲಿಲ್ಲ."

ಮಗಳು ನಕ್ಷೆಯಿಂದ ತಲೆಯೆತ್ತಲಿಲ್ಲ. "ಸರಿ ಅಮ್ಮ. ಅವರು ಸಾಲ ಮಾಡಿ ಇದನ್ನ ಬಿಟ್ಟುಹೋದ್ರು. ನೀವು ಮಾಡಿದ ಸಾಲದಲ್ಲಿ ಏನು ಬಿಟ್ಟಿದೀರಿ? ನಾನು ಜಗಳಕ್ಕೆ ಕೇಳ್ತಿಲ್ಲ. ನಿಜವಾಗಿ ಕೇಳ್ತಿದೀನಿ."

ಅದು ನಮ್ಮ ಮೂವರು ಹಿರಿಯರಿಗೂ ಬಂದ ಪ್ರಶ್ನೆ. ದಿನಕ್ಕೆ ಎರಡು ವಿಮಾನ ಇಳಿಯುವ ನಿಲ್ದಾಣಕ್ಕೆ ಹಾಕಿದ ಎಂಟು ಸಾಲಿನ ರಸ್ತೆ ನನಗೆ ನೆನಪಾಯಿತು. ಅರ್ಧಕ್ಕೆ ನಿಂತ ಕ್ರೀಡಾಂಗಣ ನೆನಪಾಯಿತು. ಒಂದು ಚುನಾವಣೆಯ ವರ್ಷ ಸಂಬಳದ ಬಾಕಿ ಎಂದು ಒಟ್ಟಿಗೆ ಬಂದ ಹಣದಲ್ಲಿ ನಾನು ಕೊಂಡ ಫ್ರಿಜ್ ನೆನಪಾಯಿತು. ಎಲ್ಲಿಂದ ಬಂತು ಎಂದು ಅವತ್ತು ಯಾರೂ ಕೇಳಿರಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡರು.

"ಹೇಳೋಕೆ ಏನೂ ಇಲ್ಲ ಕಣೆ," ಎಂದಳು ಕಿವಿಯಕ್ಕ. "ಅದರಲ್ಲಿ ಒಂದು ಪಾಲು ನಾವೂ ತಿಂದಿದೀವಿ. ಗೊತ್ತಿಲ್ದೆ ತಿಂದ್ವಿ ಅಂದ್ರೆ ಸುಳ್ಳಾಗುತ್ತೆ."

ಚಳಿಗೆ ನಡುಗುತ್ತಿದ್ದ ತಾಯಿಗೆ ಮಗಳು ತನ್ನ ಜಾಕೆಟ್ ತೆಗೆದು ಹೊದಿಸಿದಳು.

ರಿಪೇರಿ ಮೂರು ದಿನದಲ್ಲಿ ಮುಗಿಯಿತು. ಮುಚ್ಚಳದ ಹಿಂದಿನ ಹಳೆಯ ವಾಷರ್ ಪುಡಿಪುಡಿಯಾಗಿತ್ತು. ನೀರು ಅಲ್ಲಿಂದ ಕೊಳವೆಗೆ ನುಗ್ಗಿ, ಜಲ್ಲಿಯಲ್ಲಿ ಇಂಗಿ ಹೋಗುತ್ತಿತ್ತು. ಗುಜರಿಯ ಮಳಿಗೆಯಿಂದ ದಪ್ಪ ರಬ್ಬರ್ ಹಾಳೆ ತಂದು, ಮಗಳು ಅಳತೆ ಮಾಡಿ ಕತ್ತರಿಸಿದಳು. ಹದಿನಾರು ಬೋಲ್ಟುಗಳಲ್ಲಿ ಹನ್ನೊಂದು ಹಳೆಯವೇ ಸಾಕಾದವು. ಒಟ್ಟು ಖರ್ಚು ನನ್ನ ಅರ್ಧ ತಿಂಗಳ ಸಂಬಳ ಮುಟ್ಟಲಿಲ್ಲ. ತೊಟ್ಟಿ ತೊಳೆದು ತುಂಬಿಸಿದ ಮೇಲೆ ನೀರಿನ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಮಾರನೆಯ ದಿನ ಕಿವಿಯಕ್ಕ ಒಗೆದ ಸೀರೆಯುಟ್ಟು ಬಂದು, ಸಾಹೇಬರ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು. ಕಿವಿ ಕೇಳುವುದಿಲ್ಲ, ನೌಕರಿಯಿಂದ ಬಿಡಿಸಿ, ಆ ಜಾಗವನ್ನು ಆಯ್ಕೆಯಾದ ಯಾರಿಗಾದರೂ ಕೊಡಿ ಎಂದು. ಮಗಳ ಹೆಸರು ಬರೆದಿರಲಿಲ್ಲ. ಸಾಹೇಬರು ಓದಿ, ಮಡಚಿ, ಆಕೆಯ ಕೈಗೇ ವಾಪಸು ಕೊಟ್ಟರು.

"ನೀವು ಎದ್ದರೆ ಇನ್ನೊಬ್ಬರನ್ನ ಕೂರಿಸಲ್ಲ ಅಕ್ಕ. ಕುರ್ಚಿಯನ್ನೇ ಎತ್ಕೊಂಡು ಹೋಗ್ತಾರೆ. ಆಜ್ಞೆಯಲ್ಲಿ ಹಾಗೇ ಇದೆ. ನೀವು ಇರೋ ತನಕ ಈ ಊರಲ್ಲಿ ಕೇಳೋ ಕೆಲಸ ಅಂತ ಒಂದು ಇರುತ್ತೆ."

ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಕ್ಕಳು, ಕಣ್ಣೀರು ಬರುವಷ್ಟು. "ಏಳೋಕೂ ಬಿಡ್ತಿಲ್ಲ, ನೋಡಣ್ಣ."

ಮುಂದಿನದು ಮಗಳ ಯೋಚನೆ. ಮೆರವಣಿಗೆಯಲ್ಲಿ ಜೊತೆಗಿದ್ದವರಲ್ಲಿ ಒಂಬತ್ತು ಜನರನ್ನು ಕರೆತಂದಳು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಕಿವಿಯಕ್ಕ ಅವರಿಗೆ ಕಲಿಸಿದಳು. ಆಕೆಗೆ ಸದ್ದು ಕೇಳುತ್ತಿರಲಿಲ್ಲ, ಆದರೆ ಕೇಳುತ್ತಿರುವವರ ಮುಖ ನೋಡಿಯೇ ಹೇಳುತ್ತಿದ್ದಳು, "ಅದು ನಲ್ಲಿ, ಮುಂದಕ್ಕೆ ಹೋಗು" ಎಂದು. ಇಬ್ಬರು ಎರಡನೆಯ ವಾರವೇ ಬಿಟ್ಟರು. ಒಬ್ಬ, "ಇವರು ಹಾಳು ಮಾಡಿದ್ದನ್ನ ಪುಕ್ಕಟೆ ನಾವ್ಯಾಕೆ ಸರಿ ಮಾಡಬೇಕು?" ಎಂದು ಜಗಳವಾಡಿ ಹೋದ. ಅವನ ಮಾತಿನಲ್ಲಿ ತಪ್ಪೇನಿಲ್ಲ ಎಂದು ಮಗಳೇ ಒಪ್ಪಿಕೊಂಡಳು. ಉಳಿದ ಆರು ಜನ ಆ ಮಳೆಗಾಲದೊಳಗೆ ನಲವತ್ತೊಂದು ಸೋರಿಕೆ ಹಿಡಿದರು. ಉಳಿದ ನೀರಿನ ಬೆಲೆಯನ್ನು ಸಾಹೇಬರು ಮೇಲಿನವರಿಗೆ ಬರೆದು, ಬರೆದು, ಹನ್ನೊಂದನೆಯ ಪತ್ರಕ್ಕೆ ಮಂಜೂರಾತಿ ತಂದರು. ಸೋರಿಕೆಗಿಷ್ಟು ಎಂಬ ಗುತ್ತಿಗೆ. ಕಾಯಂ ಅಲ್ಲ, ಪಿಂಚಣಿ ಇಲ್ಲ. ಮಗಳು ಆ ತಂಡದ ಮುಖ್ಯಸ್ಥೆಯಾದಳು. ತಾಯಿಯ ಸಂಬಳದ ಅರ್ಧ ಅವಳದು.

ದೇಶದ ಸಾಲ ತೀರಲಿಲ್ಲ, ಹೆಚ್ಚಾಯಿತು. ನಮ್ಮ ಪಿಂಚಣಿಯಲ್ಲಿ ಐದರಲ್ಲೊಂದು ಭಾಗ ಕತ್ತರಿಸಿದರು. ಹಿರಿಯರೆಲ್ಲ ಧರಣಿ ಕೂತೆವು. ಕಿವಿಯಕ್ಕ ಬರಲಿಲ್ಲ. ಕೇಳಿದ್ದಕ್ಕೆ, "ಕಾಲು ನೋವು" ಎಂದಳು.

ಈಗ ಆಕೆಗೆ ಅರವತ್ತಾರು. ನಿವೃತ್ತಳಾಗಿ ಒಂದು ವರ್ಷ. ಎಡಗಿವಿಯೂ ಹೋಗಿದೆ. ಹೇಳುವುದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಮಗಳು ಬಳಪ ಹಿಡಿದು, ಹುಬ್ಬು ಗಂಟಿಕ್ಕಿ, ತೆರಿಗೆ ಏರಿಸಿದ ವಿಷಯಕ್ಕೆ ತಾಯಿಯ ಜೊತೆ ಬರೆದು ಬರೆದು ಜಗಳವಾಡುತ್ತಿದ್ದಳು. ತಾಯಿ ಓದುವ ಮೊದಲೇ ಉತ್ತರ ಕೂಗುತ್ತಿದ್ದಳು. ಸ್ಲೇಟು ತುಂಬಿ, ಒರೆಸಿ, ಮತ್ತೆ ತುಂಬಿತು. ನಡುವೆ ಮಗಳು ನನ್ನ ಕಡೆ ತಿರುಗಿ, "ಮಾಮ, ಇವಳಿಗೆ ಕೇಳಿಸ್ತಿದ್ದಾಗ್ಲೂ ಇಷ್ಟು ಮಾತಾಡಿರಲಿಲ್ಲ ನಾವು" ಎಂದಳು. ತಾಯಿ, "ಏನಂತೆ? ಏನಂದ್ಲು? ಬರಿ, ಬರಿ" ಎಂದು ಸ್ಲೇಟನ್ನು ನನ್ನ ಮಡಿಲಿಗೆ ತಳ್ಳಿದಳು.